ನುಂಗಿಕೊಂಡ ಒಂಬತ್ತು ದಿನ

ದ್ರಾಕ್ಷಿ ಕೊಯ್ಲು ಶುರುವಾಗಿತ್ತು. ಎರಡು ಸಾವಿರದ ಏಳನೇ ಇಸವಿ, ಸೆಪ್ಟೆಂಬರ್ ತಿಂಗಳು, ಮಧ್ಯಾಹ್ನ ಮೂರೂಕಾಲು. ಊರೆಲ್ಲ ದ್ರಾಕ್ಷಿರಸದ ಹುಳಿ ವಾಸನೆ. ದಾನ್ಯೂಬ್ ನದಿಯ ಕಡೆಯಿಂದ ಬರುವ ಗಾಳಿಯಲ್ಲೂ ಅದೇ. ಆಸ್ಪತ್ರೆಯ ನೆಲಮಾಳಿಗೆಗೆ ಮಾತ್ರ ಅದು ಇಳಿಯುತ್ತಿರಲಿಲ್ಲ. ಅಲ್ಲಿ ನನ್ನ ಔಷಧಿ ಸ್ಟೋರು. ಸ್ಪಿರಿಟ್ಟಿನ ವಾಸನೆ, ರಟ್ಟಿನ ವಾಸನೆ, ಮತ್ತೆ ನಾನು.

ಡಾಕ್ಟರ್ ನೆವೆನಾ ಮೆಟ್ಟಿಲಿಳಿದು ಬಂದು ಬಾಗಿಲಲ್ಲಿ ನಿಂತರು. ಆಪರೇಷನ್ನಿಗೆ ಮುಂಚೆ ರೋಗಿಗೆ ಅರಿವಳಿಕೆ ಕೊಡುವವರು ಅವರು, ಆಮೇಲೆ ಐಸಿಯುನಲ್ಲಿ ಕಾಯುವವರೂ ಅವರೇ. ಆಗ ತಾನೇ ಮಾಸ್ಕ್ ತೆಗೆದಿದ್ದರು. ಎರಡೂ ಕೆನ್ನೆಯ ಮೇಲೆ ಕೆಂಪಗೆ ಗೆರೆ ಬಿದ್ದಿತ್ತು.

"ಇಲ್ಲ," ಎಂದೆ ನಾನು.

"ನಾನಿನ್ನೂ ಏನೂ ಕೇಳೇ ಇಲ್ವಲ್ಲ, ಬಾಯ್ ಕ್ರುಮ್!"

"ಏನು ಕೇಳಿದ್ರೂ ಇಲ್ಲ. ಮಾಲು ಸೋಮವಾರ ಬರುತ್ತೆ ಅಂದಿದಾರೆ."

"ಯಾವ ಸೋಮವಾರ?"

"ಅದನ್ನ ಹೇಳಿಲ್ಲ."

ಅವರು ನಕ್ಕರು. ನಗುವಾಗ ಆ ಕೆಂಪು ಗೆರೆಗಳು ಬಿಲ್ಲಿನಂತೆ ಬಾಗಿದವು. ನನಗಾಗ ಐವತ್ತೆರಡು. ವಯಸ್ಸಾದವರಿಗೆ ಮರ್ಯಾದೆಗೆ ಹಚ್ಚುವ 'ಬಾಯ್' ಆಸ್ಪತ್ರೆಯಲ್ಲಿ ನನಗೆ ಅಂಟಿಕೊಂಡು ಎಷ್ಟೋ ವರ್ಷವಾಗಿತ್ತು. ಅವರಿಗೆ ನಲವತ್ತು.

ಅವರು ಔಷಧಿ ಕೇಳಲು ಬಂದಿರಲಿಲ್ಲ. ಕೋಟಿನ ಜೇಬಿನಿಂದ ಇಸ್ಪೀಟಿನಂಥ ಒಂದು ಕಟ್ಟು ಕಾರ್ಡು ತೆಗೆದು ನನ್ನ ಮೇಜಿನ ಮೇಲಿಟ್ಟರು. ಒಂದು ಕಡೆ ಪ್ರಶ್ನೆ, ಹಿಂದುಗಡೆ ಉತ್ತರ. ಎಲ್ಲ ನಮ್ಮ ಅಕ್ಷರದಲ್ಲೇ, ದುಂಡಗೆ.

"ನವೆಂಬರಲ್ಲಿ ವಿಯೆನ್ನಾದಲ್ಲಿ ಪರೀಕ್ಷೆ. ಅರಿವಳಿಕೆ ಡಾಕ್ಟರುಗಳಿಗೆ ಇಡೀ ಯುರೋಪಿಗೆ ಒಂದೇ ಡಿಪ್ಲೊಮಾ. ಬರೆಯೋದು ಪಾಸಾಗಿದೆ. ಬಾಯಲ್ಲಿ ಹೇಳೋದರಲ್ಲಿ ಹೋದ ಸಲ ಬಿದ್ದೆ. ನೀವು ನನಗೆ ಪ್ರಶ್ನೆ ಕೇಳಬೇಕು."

"ಡಾಕ್ಟರೇ, ನನಗೆ ಓದು ಏಳನೇ ಕ್ಲಾಸು."

"ಅದಕ್ಕೇ ನೀವು ಬೇಕು. ಓದಿದವರು ನನ್ನ ಮುಖ ನೋಡಿ, ಪಾಪ ಅಂತ ಅರ್ಧ ಉತ್ತರ ತಾವೇ ಹೇಳಿಬಿಡ್ತಾರೆ. ನೀವು ಕಾರ್ಡಲ್ಲಿ ಬರೆದದ್ದೇ ಬೇಕು ಅಂತ ಕೂತ್ಕೋತೀರಿ. ನಿಮ್ಮಷ್ಟು ಕಟುಕ ಪರೀಕ್ಷಕ ವಿಯೆನ್ನಾದಲ್ಲೂ ಸಿಗಲ್ಲ."

ಹೀಗೆ ಶುರುವಾಯಿತು.

ದಿನಾ ಮೂರೂಕಾಲಿಗೆ ಬರುತ್ತಿದ್ದರು. ಪರೀಕ್ಷೆಯಲ್ಲಿ ನಾಲ್ಕು ಮೇಜು, ಒಂದೊಂದು ಮೇಜಿಗೆ ಇಬ್ಬರು ಪರೀಕ್ಷಕರು, ಇಪ್ಪತ್ತೈದು ನಿಮಿಷ ಮುಗಿದರೆ ಗಂಟೆ. ನನ್ನ ಹತ್ತಿರ ಗಂಟೆಯಿರಲಿಲ್ಲ. ಗಡಿಯಾರ ನೋಡಿ ಚಮಚದಿಂದ ಗ್ಲಾಸು ಬಾರಿಸುತ್ತಿದ್ದೆ. ಔಷಧಿಯ ಹೆಸರುಗಳನ್ನು ರಾಗವಾಗಿ ಎಳೆದು ಓದುತ್ತಿದ್ದೆ. ಅವರು ಕಣ್ಣು ಮುಚ್ಚಿ, ಬೆರಳು ಮಡಿಸುತ್ತ ಉತ್ತರ ಹೇಳುತ್ತಿದ್ದರು. ಬೆರಳು ಮುಗಿದು ಉತ್ತರ ಮುಗಿಯದಿದ್ದರೆ ಒಂದು ಕಣ್ಣು ಮಾತ್ರ ತೆರೆದು ನನ್ನನ್ನು ನೋಡುತ್ತಿದ್ದರು.

"ಹಾಗೆ ನೋಡಿದ್ರೆ ಹೇಳಿಕೊಡಲ್ಲ."

"ಒಂದಕ್ಷರ?"

"ವಿಯೆನ್ನಾದವರು ಕೊಡ್ತಾರಾ?"

"ವಿಯೆನ್ನಾದವರಿಗೆ ಇಷ್ಟು ಚಂದದ ಮೀಸೆ ಇರಲ್ಲ."

ನಾನು ಮೀಸೆ ಮುಟ್ಟಿಕೊಂಡದ್ದನ್ನು ನೋಡಿ ಮೇಜಿನ ಮೇಲೆ ತಲೆಯಿಟ್ಟು ನಗುತ್ತಿದ್ದರು. ಅವರ ಕೂದಲು ನನ್ನ ರಿಜಿಸ್ಟರಿನ ಮೇಲೆ ಹರಡುತ್ತಿತ್ತು. ಅವರು ಹೋದ ಮೇಲೂ ಆ ಪುಟವನ್ನು ತಿರುವಲು ನನಗೆ ಮನಸ್ಸಾಗುತ್ತಿರಲಿಲ್ಲ.

ನರ್ಸ್ ಸ್ತಾಂಕಾ ಮೆಟ್ಟಿಲ ಮೇಲಿಂದ ಕೂಗುತ್ತಿದ್ದಳು. "ಏನು ಬಾಯ್ ಕ್ರುಮ್, ಈ ವಯಸ್ಸಲ್ಲಿ ಡಾಕ್ಟರಿಕೆ ಕಲೀತಿದೀರಂತೆ? ನನ್ನ ಮೊಣಕಾಲೊಂದು ನೋಡ್ತೀರಾ?"

ಬುಧವಾರ ಮಾತ್ರ ನಗು ಇರುತ್ತಿರಲಿಲ್ಲ.

ಬುಧವಾರ ಐದು ಗಂಟೆಗೆ ಅವರು ನನ್ನ ಸ್ಟೋರಿನ ಫೋನಿನಲ್ಲಿ ಮಗಳ ಜೊತೆ ಮಾತಾಡುತ್ತಿದ್ದರು. ಕಾಲಿನಾ, ಒಂಬತ್ತು ವರ್ಷ. ಆಸ್ಟ್ರಿಯಾದ ಗ್ರಾಜ್ ಎಂಬಲ್ಲಿ ಅಪ್ಪನ ಹತ್ತಿರ ಇದ್ದಳು. ತಿಂಗಳಿಗೆ ಹದಿನಾರು ಡ್ಯೂಟಿ ಮಾಡುವ ತಾಯಿ ಮಗು ಸಾಕುವುದು ಯಾವಾಗ ಎಂದು ಕೇಳಿ, ನ್ಯಾಯಾಲಯ ಮಗುವನ್ನು ಅಪ್ಪನಿಗೆ ಕೊಟ್ಟಿತ್ತು. ಈಗ ಆ ಊರಿನ ಒಂದು ಆಸ್ಪತ್ರೆ ನೆವೆನಾರಿಗೆ ಕೆಲಸ ಕೊಡಲು ಒಪ್ಪಿತ್ತು. ಡಿಪ್ಲೊಮಾ ಈ ವರ್ಷವೇ ಕೈಯಲ್ಲಿರಬೇಕು, ಇಲ್ಲದಿದ್ದರೆ ಜಾಗ ಬೇರೆಯವರಿಗೆ.

ಇಷ್ಟೇ ಲೆಕ್ಕ. ಪಾಸಾದರೆ ಮಗಳ ಹತ್ತಿರ ಹೋಗುತ್ತಾರೆ. ಫೇಲಾದರೆ ನನ್ನ ಹತ್ತಿರ ಉಳಿಯುತ್ತಾರೆ. ಈ ಲೆಕ್ಕ ನನ್ನ ತಲೆಯಲ್ಲಿ ಮಾಡಿ ಮುಗಿಸಿದ ದಿನ ನನಗೆ ನನ್ನ ಮೇಲೇ ಹೆದರಿಕೆಯಾಯಿತು.

ಅಕ್ಟೋಬರ್ ಕೊನೆಗೆ ನನಗೊಂದು ವಿಷಯ ಗೊತ್ತಾಯಿತು.

ಅವರು ಸರಿ ಹೇಳಿದ ಕಾರ್ಡು ಬಲಕ್ಕೆ, ತಪ್ಪಿದ್ದು ಎಡಕ್ಕೆ ಇಡುವುದು ನನ್ನ ಅಭ್ಯಾಸ. ಸ್ಟೋರಿನವನ ಕೈ, ಸುಮ್ಮನಿರುವುದಿಲ್ಲ. ಒಂದು ದಿನ ಅವರು ಹೋದ ಮೇಲೆ ಎಡಗಡೆಯ ಕಾರ್ಡು ಓದುತ್ತ ಕೂತೆ. ಅರಿವಳಿಕೆಯ ಗಾಳಿ ತಾಗಿ ಕೆಲವರ ಮೈ ಬೆಂಕಿಯಂತೆ ಕಾಯುತ್ತದಂತೆ, ಜೀವವೇ ಹೋಗುತ್ತದಂತೆ. ಮದ್ದು ಡಾಂಟ್ರೋಲಿನ್. ಡಾಕ್ಟರು ಮಂಜುಗಡ್ಡೆ ಇಡಬೇಕು ಎಂದಿದ್ದರು, ಡಾಂಟ್ರೋಲಿನ್ ಎಂದಿರಲಿಲ್ಲ. ಉಸಿರಿನ ನಳಿಗೆ ಸರಿಯಾದ ಜಾಗದಲ್ಲಿ ಕೂತಿದೆಯೋ ಎಂದು ತಿಳಿಯಲು ಹೊರಬರುವ ಉಸಿರನ್ನು ಅಳೆಯುವ ಯಂತ್ರ. ಅವರು ಸ್ಟೆತಸ್ಕೋಪ್ ಇಟ್ಟು ಕೇಳುತ್ತೇನೆ ಎಂದಿದ್ದರು. ಗಂಟಲು ಇಕ್ಕಟ್ಟಾದವರಿಗೆ ಬಳುಕುವ ಕ್ಯಾಮೆರಾ ನಳಿಗೆ. ಅವರು ಅದರ ಹೆಸರೇ ಎತ್ತಿರಲಿಲ್ಲ.

ತಲೆಯೆತ್ತಿ ಕಪಾಟು ನೋಡಿದೆ. ಎಡಗಡೆಯ ಕಾರ್ಡಿನಲ್ಲಿದ್ದ ಒಂದೊಂದಕ್ಕೂ ನನ್ನ ಕಪಾಟಿನಲ್ಲಿ ಒಂದೊಂದು ಖಾಲಿ ಜಾಗ.

ಹದಿನಾಲ್ಕು ವರ್ಷ ಈ ಹೆಂಗಸು ನನ್ನನ್ನು ಕೇಳಿದ್ದಾರೆ, ಹದಿನಾಲ್ಕು ವರ್ಷ ನಾನು ಇಲ್ಲ ಎಂದಿದ್ದೇನೆ. ಆಮೇಲೆ ಅವರು ಕೇಳುವುದನ್ನೇ ಬಿಟ್ಟರು. ಕೇಳದೆ, ಇದ್ದುದರಲ್ಲೇ ಜನರನ್ನು ಬದುಕಿಸಿದರು. ನಾಲಿಗೆಗೂ ಅದೇ ರೂಢಿಯಾಯಿತು. ಹೋದ ಸಲ ಬಿದ್ದದ್ದು ದಡ್ಡತನದಿಂದಲ್ಲ.

ಇದನ್ನು ಅವರಿಗೆ ಹೇಳಿದರೆ ಪಾಸಾಗುತ್ತಾರೆ.

ನಾನು ಹೇಳಲಿಲ್ಲ. ಒಂದು ದಿನವಲ್ಲ, ಒಂಬತ್ತು ದಿನ. ದಿನಾ ಮೂರೂಕಾಲಿಗೆ ಪ್ರಶ್ನೆ ಕೇಳಿದೆ, ಗ್ಲಾಸು ಬಾರಿಸಿದೆ, ಕಾರ್ಡನ್ನು ಎಡಕ್ಕಿಟ್ಟೆ. ಅವರ ಕಣ್ಣ ಕೆಳಗೆ ಕಪ್ಪಾಗುತ್ತ ಬಂತು. "ನನ್ನ ತಲೇನೇ ಕೆಟ್ಟೋಗಿದೆ ಬಾಯ್ ಕ್ರುಮ್, ಎಷ್ಟು ಓದಿದ್ರೂ ಅದೇ ಅದೇ ತಪ್ಪು," ಎಂದು ಹಣೆ ಚಚ್ಚಿಕೊಂಡರು. ನಾನು ಲಿಂಡನ್ ಹೂವಿನ ಚಹಾ ಮಾಡಿ ಕೊಟ್ಟೆ. ಕಾರ್ಡು ಎಡಕ್ಕಿಟ್ಟ ಅದೇ ಕೈಯಿಂದ ಚಹಾ ಕೊಟ್ಟೆ.

ಒಂಬತ್ತನೆಯ ದಿನ ಬುಧವಾರ. ಐದು ಗಂಟೆಗೆ ಫೋನು ಹಚ್ಚಿದರು. "ಪುಟ್ಟೀ, ಇವತ್ತು ಸ್ಕೂಲಲ್ಲಿ ಏನಾಯ್ತು?" ಆ ಕಡೆಯಿಂದ ಸಣ್ಣ ದನಿ ಜರ್ಮನಿನಲ್ಲಿ ಏನೋ ಹೇಳಿತು. "ನಮ್ಮ ಮಾತಲ್ಲಿ ಹೇಳು, ಬಂಗಾರ." ಆ ಕಡೆ ಬರೀ ಉಸಿರು. ಮಗು ಹುಡುಕುತ್ತಿತ್ತು, ಮಾತು ಸಿಗುತ್ತಿರಲಿಲ್ಲ. ನೆವೆನಾ ಫೋನನ್ನು ಎರಡೂ ಕೈಯಲ್ಲಿ ಹಿಡಿದು, "ಪರವಾಗಿಲ್ಲ, ಪರವಾಗಿಲ್ಲ, ಉಸಿರಾಡ್ತಾ ಇರು, ನಾನು ಕೇಳಿಸ್ಕೋತೀನಿ," ಎಂದರು.

ಫೋನಿಟ್ಟ ಮೇಲೆ ನಾನು ಎಡಗಡೆಯ ಕಾರ್ಡುಗಳನ್ನು ಅವರ ಮುಂದಿಟ್ಟೆ.

"ಡಾಕ್ಟರೇ, ನೀವು ತಪ್ಪು ಹೇಳ್ತಿಲ್ಲ. ನಮ್ಮ ಸ್ಟೋರಲ್ಲಿ ಏನಿದೆಯೋ ಅದನ್ನ ಹೇಳ್ತಿದೀರಿ. ಇದು ನೋಡಿ. ಆ ಕಪಾಟು ನೋಡಿ."

ಅವರು ನೋಡಿದರು. ಒಂದು ಕಾರ್ಡು, ಒಂದು ಖಾಲಿ ಜಾಗ. ಇನ್ನೊಂದು ಕಾರ್ಡು, ಇನ್ನೊಂದು ಖಾಲಿ ಜಾಗ. ಅವರ ಬಾಯಿ ತೆರೆದೇ ಇತ್ತು.

"ದೇವರೇ... ಇದು ನಿಮಗೆ ಯಾವಾಗ ಗೊತ್ತಾಯ್ತು?"

ಈಗ ಎಂದು ಹೇಳಬಹುದಿತ್ತು. "ಒಂಬತ್ತು ದಿನ ಆಯ್ತು," ಎಂದೆ.

"ಒಂಬತ್ತು ದಿನ? ಪರೀಕ್ಷೆಗೆ ಹತ್ತು ದಿನ ಉಳಿದಿರುವಾಗ ಹೇಳ್ತಿದೀರಾ? ಯಾಕೆ? ನಾನು ನಿಮಗೇನು ಮಾಡಿದ್ದೆ?"

ನಾನು ಅವರ ಮುಖವನ್ನು ನೋಡಿದೆ, ಅಷ್ಟೇ. ಅವರೂ ನೋಡಿದರು. ಮೊದಲು ಸಿಟ್ಟು, ಆಮೇಲೆ ಸಿಟ್ಟು ನಿಂತಿತು, ಆಮೇಲೆ ಕಿವಿಯ ತುದಿಯವರೆಗೆ ಕೆಂಪಾಯಿತು. ಕಾರ್ಡು ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿ ಹೋದರು.

ಗುರುವಾರ ಬರಲಿಲ್ಲ. ಶುಕ್ರವಾರ ಬರಲಿಲ್ಲ. ನನ್ನಂಥ ಪಾಪಿಗೆ ಊಟ ಸೇರಲಿಲ್ಲ. ಆದರೂ ಕೂತು ಒಂದು ಕೆಲಸ ಮಾಡಿದೆ. ಹಳೇ ರಟ್ಟಿನ ಡಬ್ಬಗಳನ್ನು ಆರಿಸಿ, ಒಂದೊಂದರ ಮೇಲೆ ಕಾರ್ಡು ನೋಡಿಕೊಂಡು ದಪ್ಪಕ್ಷರದಲ್ಲಿ ಹೆಸರು ಬರೆದೆ. ಆ ಕಪಾಟಿನಲ್ಲಿ ಒಂದು ಜಾಗವೂ ಖಾಲಿ ಉಳಿಯದಂತೆ ಜೋಡಿಸಿದೆ.

ಶನಿವಾರ ಮೂರೂಕಾಲಿಗೆ ಮೆಟ್ಟಿಲ ಮೇಲೆ ಆ ಹೆಜ್ಜೆ ಕೇಳಿತು.

"ಕ್ರುಮ್," ಎಂದಳು.

ಬಾಯ್ ಇಲ್ಲ. ಬರೀ ಕ್ರುಮ್. ನನ್ನ ಅಮ್ಮ ಹೋದ ಮೇಲೆ ಯಾರೂ ಹಾಗೆ ಕರೆದಿರಲಿಲ್ಲ.

"ನಿಮ್ಮ ಮೇಲೆ ಸಿಟ್ಟು ಹೋಗಿಲ್ಲ. ಎರಡು ದಿನ ಪ್ರಯತ್ನಪಟ್ಟೆ, ಬರೀ ಸಿಟ್ಟಾಗಿರೋಕೆ ಆಗ್ತಿಲ್ಲ. ಅದಕ್ಕೆ ಇನ್ನೂ ಸಿಟ್ಟು." ಆಮೇಲೆ ಕಪಾಟಿನ ಮೇಲೆ ಕಣ್ಣು ಬಿತ್ತು. "ಇದೇನಿದು?"

"ಕೇಳಿ, ಡಾಕ್ಟರೇ. ಏನು ಬೇಕು?"

ಅವಳಿಗೆ ಅರ್ಥವಾಯಿತು. ಕಪಾಟಿನ ಮುಂದೆ ನಿಂತಳು. ದನಿ ಸಣ್ಣದಾಗಿತ್ತು. "ಡಾಂಟ್ರೋಲಿನ್ ಇದೆಯಾ?"

"ಇದೆ," ಎಂದೆ. ಖಾಲಿ ಡಬ್ಬ ಅವಳ ಕೈಗಿಟ್ಟೆ.

"ಉಸಿರು ಅಳೆಯೋ ಯಂತ್ರ?"

"ಇದೆ."

"ಕ್ಯಾಮೆರಾ ನಳಿಗೆ?"

"ಎರಡಿದೆ. ಯಾವುದು ಕೊಡಲಿ?"

ಅವಳು ನಗಲು ಶುರುಮಾಡಿದಳು, ನಗುತ್ತಲೇ ಅತ್ತಳು. ಎದೆಯ ಮೇಲೆ ಖಾಲಿ ಡಬ್ಬಗಳ ರಾಶಿ. "ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ರಿ ಮಾರಾಯ್ರೇ ಇದನ್ನೆಲ್ಲ?" ಎಂದಳು. ಹಣೆ ನನ್ನ ಭುಜಕ್ಕೆ ತಾಗಿತು. ನಾನು ಅಲುಗಾಡಲಿಲ್ಲ. ಅಲುಗಾಡಿದರೆ ಡಬ್ಬ ಬೀಳುತ್ತಿದ್ದವು.

ಅವಳು ಹೊರಡುವವರೆಗೆ ದಿನಾ ಅದೇ ಆಟ. ಒಂದು ಸಂಜೆ ಎಲ್ಲ ಸರಿ ಹೇಳಿ ಮುಗಿಸಿ, "ಈ ಕಪಾಟಲ್ಲಿ ಮೀಸೆಯವರು ಯಾವ ಸಾಲಲ್ಲಿ ಸಿಗ್ತಾರೆ?" ಎಂದು ಕೇಳಿದಳು. ನಾನು ಗ್ಲಾಸು ಬಾರಿಸಿ ಸಮಯ ಮುಗಿಯಿತು ಎಂದೆ.

ಅವಳು ವಿಯೆನ್ನಾಕ್ಕೆ ಹೊರಟ ಬೆಳಿಗ್ಗೆ ಆಸ್ಪತ್ರೆಯ ಗೇಟಿನಲ್ಲಿ ಸ್ತಾಂಕಾ ನನ್ನ ಕೈಗೆ ತಾಮ್ರದ ಚೊಂಬು ಕೊಟ್ಟಳು. "ಕೆಲಸ ನೀರಿನ ಹಾಗೆ ಸಲೀಸಾಗಲಿ ಅಂತ ಡಾಕ್ಟರ ಮುಂದೆ ಚೆಲ್ಲಿ, ಬಾಯ್ ಕ್ರುಮ್. ನಿಮ್ಮ ಕೈಯಿಂದಲೇ ಆಗಬೇಕು, ನೀವು ತಾನೇ ಮೇಷ್ಟ್ರು." ಚೊಂಬು ಹಿಡಿದು ನಿಂತೆ. ಕೈ ಬಾಗಲಿಲ್ಲ. ನೆವೆನಾ ನನ್ನನ್ನೇ ನೋಡುತ್ತಿದ್ದಳು, ಅವಸರ ಮಾಡಲಿಲ್ಲ. ಕೊನೆಗೆ ಚೆಲ್ಲಿದೆ. ಅವಳು ಆ ನೀರು ತುಳಿದುಕೊಂಡು ಹೋದಳು.

ಪರೀಕ್ಷೆ ಶನಿವಾರ ಇತ್ತು. ನಾನು ಬಾಗಿಲು ತೆಗೆದು ಫೋನಿನ ಪಕ್ಕ ಕೂತಿದ್ದೆ. ಸಂಜೆ ಆರೂವರೆಗೆ ಹೊಡೆದುಕೊಂಡಿತು.

"ಪಾಸು, ಕ್ರುಮ್."

"ನಾಲ್ಕೂ ಮೇಜು?"

"ನಾಲ್ಕೂ. ಮೂರನೇ ಮೇಜಲ್ಲಿ ಮೈ ಕಾಯೋದೇ ಬಂತು. ಕೇಳಿದವನು ನಿಮ್ಮ ಹಾಗೇ ಹುಬ್ಬು ಗಂಟು ಹಾಕಿದ್ದ. ಹೆದರಿಕೆನೇ ಆಗಲಿಲ್ಲ." ಆಮೇಲೆ, "ಮಾತಾಡಿ. ಯಾಕೆ ಸುಮ್ಮನಿದೀರಿ?"

"ಖುಷಿಯಾಗ್ತಿದೆ," ಎಂದೆ.

"ಸುಳ್ಳು. ನಿಮ್ಮ ದನಿ ನನಗೆ ಗೊತ್ತು."

"ಎರಡೂ ನಿಜ, ನೆವೆನಾ."

ಇಲ್ಲಿಯ ಕೆಲಸ ಬಿಡಲು ಎರಡು ತಿಂಗಳ ನೋಟಿಸು. ಆ ಎರಡು ತಿಂಗಳು ನಮ್ಮವು. ನದಿಯ ದಂಡೆಯಲ್ಲಿ ಅವಳು ನನ್ನ ಕೋಟಿನ ಜೇಬಿನಲ್ಲಿ ಕೈಯಿಟ್ಟುಕೊಂಡು ನಡೆದಳು. ನನ್ನ ಅಡುಗೆಮನೆಯಲ್ಲಿ ಮಣ್ಣಿನ ಮಡಕೆಯಲ್ಲಿ ಬೇಯಿಸಿದ ಬೀನ್ಸ್ ಕಾಳು ತಿಂದಳು, ಉಪ್ಪು ಕಡಿಮೆ ಎಂದು ದಿನಾ ಜಗಳ ತೆಗೆದಳು. "ನೀವೂ ಬನ್ನಿ," ಎಂದಳು. ನಾನು ಹೂಂ ಎಂದೆ. ನಿಜವಾಗಿ ಹೂಂ ಎಂದೆ. ಪಾಸ್‌ಪೋರ್ಟಿಗೆ ಫೋಟೋ ತೆಗೆಸಿಕೊಂಡೆ.

ಹೊಸ ವರ್ಷದ ಮೂರನೇ ದಿನ ಗ್ರಾಜಿನ ವಕೀಲೆಯ ಕಾಗದ ಬಂತು. ನೆವೆನಾ ಅದನ್ನು ಓದಿ, ನಮ್ಮ ಮಾತಿನಲ್ಲಿ ಒಂದೊಂದೇ ಸಾಲು ಹೇಳಿದಳು. ಮಗುವನ್ನು ಅರ್ಧ ವಾರ ತಾಯಿಗೆ ಕೊಡಲು ನ್ಯಾಯಾಲಯ ಒಪ್ಪಬಹುದು. ಆದರೆ ತಾಯಿ ಒಬ್ಬಳೇ ಬರಬೇಕು. ಮನೆಯಲ್ಲಿ ಬೇರೆ ಗಂಡಸು ಇದ್ದರೆ ಮಗುವಿನ ಅಪ್ಪ ಸುಮ್ಮನಿರುವುದಿಲ್ಲ, ಎಲ್ಲ ಮತ್ತೆ ಮೊದಲಿಂದ.

"ಎಷ್ಟು ದಿನ ಒಬ್ಬಳೇ?" ಎಂದೆ.

"ಬರೆದಿಲ್ಲ." ಅವಳು ನನ್ನ ಅಂಗಿಯ ಗುಂಡಿ ಹಿಡಿದು ತಿರುಗಿಸುತ್ತಿದ್ದಳು. "ಕ್ರುಮ್, ನೀವು ಒಂದು ಮಾತು ಹೇಳಿ. ಹೋಗಬೇಡ ಅನ್ನಿ."

"ಅಂದ್ರೆ?"

"ಅಂದ್ರೂ ಹೋಗ್ತೀನಿ. ಆದ್ರೆ ಒಬ್ಬರಾದ್ರೂ ನನಗೆ ಹೋಗಬೇಡ ಅಂದರು ಅಂತ ಇರುತ್ತೆ."

"ಹೋಗಬೇಡ," ಎಂದೆ. ಗುಂಡಿ ಕಿತ್ತು ಅವಳ ಕೈಗೆ ಬಂತು.

ಹೊರಡುವ ದಿನ ಸಂತ ಆಂತೋನನ ಹಬ್ಬ. ಕಾಯಿಲೆ ಬಾರದಿರಲೆಂದು ಮನೆಮನೆಯಲ್ಲಿ ಜೇನು ಸವರಿದ ರೊಟ್ಟಿ ಸುಟ್ಟು ಹಂಚುತ್ತಾರೆ. ಬಸ್ ಸ್ಟ್ಯಾಂಡಿನಲ್ಲಿ ಯಾರೋ ಅಜ್ಜಿ ನಮಗಿಬ್ಬರಿಗೂ ಒಂದೇ ರೊಟ್ಟಿ ಕೊಟ್ಟು, "ಗಂಡ ಹೆಂಡತಿ ಹಂಚಿಕೊಳ್ಳಿ," ಎಂದು ಮುಂದೆ ಹೋದಳು. ನೆವೆನಾ ಮುರಿದಳು, ದೊಡ್ಡ ತುಂಡು ನನಗೆ ಕೊಟ್ಟಳು. ಚಳಿಗೆ ಜೇನು ಗಟ್ಟಿಯಾಗಿತ್ತು. ನುಂಗಲು ನನಗೆ ಬಹಳ ಹೊತ್ತು ಹಿಡಿಯಿತು.

ಡ್ರೈವರ್ ಇಂಜಿನ್ ಶುರುಮಾಡಿದ. ಅವಳು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದಳು.

"ನಿನ್ನ ಮೇಲೆ ಪ್ರಾಣ ಇಟ್ಟಿದೀನಿ ನೆವೆನಾ, ಹತ್ತು, ಬಾಗಿಲು ಹಾಕ್ತಾರೆ," ಎಂದೆ. ಎಲ್ಲ ಒಂದೇ ಉಸಿರಿಗೆ ಬಂತು, ಬಿಡಿಸಿ ಹೇಳಲು ಸಮಯವಿರಲಿಲ್ಲ. ಆವರೆಗೆ ಒಂದು ಸಲವೂ ಅವಳಿಗೆ ಹಾಗೆ ಹೇಳಿರಲಿಲ್ಲ.

ಅವಳು ಕೆಳಗಿಳಿದು, ಎಲ್ಲರೆದುರಿಗೆ ನನ್ನ ಮುಖ ಹಿಡಿದು ಮುತ್ತಿಟ್ಟು, ಮತ್ತೆ ಹತ್ತಿದಳು. ಡ್ರೈವರ್ ಕಾದ. ಆ ಡ್ರೈವರ್ ಒಳ್ಳೆಯವನು.

ಬಸ್ಸು ಹೋದದ್ದು ಎಂಟೂ ಇಪ್ಪತ್ತಕ್ಕೆ, ಜನವರಿ ಹದಿನೇಳು, ಗುರುವಾರ.