ಅಮಾವಾಸ್ಯೆಗೆ ಓಡುವ ರೈಲು

ಮುರಿದ ಹಣಿಗೆ ಮಾಯವಾಗಿತ್ತು. ಕರೆಂಟ್ ಮಗ್ಗದ ಎಳೆಗಳನ್ನು ಬಿಡಿಸಿ ಹಿಡಿಯುವ ಆ ಉಕ್ಕಿನ ಬಾಚಣಿಗೆಯನ್ನು ಅಪ್ಪ ಗುಜರಿಗೆಂದು ಮೂಲೆಯಲ್ಲಿಟ್ಟಿದ್ದ. ಅದರ ಒಂದು ಕಡ್ಡಿ, ಗೋಡೆಯಾಚೆ ಬಾಡಿಗೆಗಿದ್ದ ಡ್ರಾಯಿಂಗ್ ಮಾಸ್ತರ ಮಾಂತೇಶನ ಬಾಗಿಲಲ್ಲಿ ಬಿದ್ದಿತ್ತು. ನಂದಾಗೆ ಅಷ್ಟು ಸಾಕಾಯಿತು.

"ಮಾಸ್ತರ, ನಮ್ಮ ಹಣಿಗಿ..." ಎನ್ನುತ್ತ ಒಳಗೆ ಕಾಲಿಟ್ಟವಳು ಹಾಗೇ ನಿಂತುಬಿಟ್ಟಳು.

ಮೇಜಿನ ತುಂಬ ಒಂದು ಹಸಿರು ಗುಡ್ಡ. ಅದನ್ನು ಬಳಸಿ ಏರುವ ಕಿರಿದಾದ ಹಳಿ. ಅಂಗೈಯಷ್ಟು ಇಂಜಿನ್, ಕಡ್ಡಿಪೆಟ್ಟಿಗೆಯಷ್ಟು ಡಬ್ಬಿಗಳು. ಪಕ್ಕದಲ್ಲಿ ಅವರ ಹಣಿಗೆಯ ಕಡ್ಡಿಗಳು ಬೇಲಿಯಾಗಿ ಸಾಲಾಗಿ ನಿಂತಿದ್ದವು.

"ಇದು ವೇಲ್ಸ್‌ರೀ, ಇಂಗ್ಲೆಂಡ್ ಬಾಜೂಕ. ಗುಡ್ಡದಾಗಿನ ಪಾಟಿಕಲ್ಲು, ಅಂದ್ರ ಸ್ಲೇಟು, ಹೊರಾಕ ಈ ನ್ಯಾರೋಗೇಜ್ ರೈಲು ಮಾಡಿದ್ರು. ಅಲ್ಲಿ ಬೇಲಿನೂ ಆ ಕಲ್ಲಿನ ಚಪ್ಪಡೀದ. ಹಣಿಗಿ ಕಡ್ಡಿ ಛಲೋ ಹೊಂದಿತು. ನಿಮ್ಮ ಅಪ್ಪಾರನ್ನ ಕೇಳೇ ತಂದೇನ್ರೀ."

"ಆ ಊರು ನೋಡೀರೇನು?"

"ಇಲ್ರೀ. ಫೋಟೋ ನೋಡಿ ಮಾಡಾಕತ್ತೇನಿ."

ನೋಡದ ಊರಿನ ಮೇಲೆ ಇಷ್ಟು ಪ್ರೀತಿಯೇ! ನೋಡಿದವರ ಮೇಲೆ ಇನ್ನೆಷ್ಟಿರಬೇಡ ಎಂದುಕೊಂಡವಳ ಕೆನ್ನೆ ಸುಮ್ಮನೆ ಬಿಸಿಯಾಯಿತು.

ಮಾಂತೇಶ ಸ್ವಿಚ್ ಒತ್ತಿದ. ರೈಲು ಗುಡ್ಡ ಏರಿತು, ಸೇತುವೆ ದಾಟಿತು, ತಿರುವಿನಲ್ಲಿ ದಡಕ್ಕನೆ ಮಗುಚಿತು.

"ಹಳಿ ಹಾಕುವಾಗ ಕೈ ನಡುಗಿತೇನ್ರೀ, ಮಾಸ್ತರ?" ನಂದಾ ಓರೆಗಣ್ಣಿಂದ ನೋಡಿ ನಕ್ಕಳು.

ಅಂದಿನಿಂದ ತಿಂಗಳುಗಟ್ಟಲೆ ಇದೇ ಆಟ. ಕಂಡಿಕೆಗಳಿಗೆ ನೂಲು ಸುತ್ತುವುದು ಮುಗಿಸಿ ಸಂಜೆ ಬರುವಳು, ರೈಲು ಬೀಳುವುದು, ಅವಳು ನಗುವಳು. ಅವನು ಬೇಸರಿಸದೆ ಹಳಿ ಕಿತ್ತು ಮತ್ತೆ ಕೂಡಿಸುವನು. ನಗುತ್ತಲೇ ಅವಳು ಆ ಬೆರಳುಗಳನ್ನು ಕದ್ದು ನೋಡುವಳು. ಎಂಥ ತಾಳ್ಮೆ, ಎಂಥ ನಾಜೂಕು! ಬಾಯಿಬಿಟ್ಟು ಹೊಗಳಲು ಮಾತ್ರ ಬಿಗುಮಾನ.

ಒಂದು ದಿನ ಅವಳ ಅವ್ವ ಅನಸವ್ವ ರೊಟ್ಟಿ ಬಡಿಯುತ್ತ ಅಂದಳು: "ಮಾಸ್ತರಗ ತೇರದಾಳದಾಗ ಖೋಲಿ ಸಿಕ್ಕೈತಂತ. ಅವರ ಸಾಲಿ ಬಾಜೂಕ."



ಮರುದಿನ ಅಮಾವಾಸ್ಯೆ. ಓಣಿಯ ಮಗ್ಗಗಳಿಗೆಲ್ಲ ರಜೆ. ಪೂಜೆ, ಹೋಳಿಗೆಯ ಗಡಿಬಿಡಿಯಲ್ಲಿ ಆ ದಿನ ಅವಳೆಂದೂ ಅವನ ಕಡೆ ಹೋದವಳಲ್ಲ. ಈ ಸಲ ತಡೆಯಲಾಗಲಿಲ್ಲ.

ರೈಲು ತಿರುವಿಗೆ ಬಂತು. ಬೀಳಲಿಲ್ಲ. ಮತ್ತೊಂದು ಸುತ್ತು ಬಂತು. ಆಗಲೂ ಬೀಳಲಿಲ್ಲ.

ನಂದಾ ಗೋಡೆಗೆ ಕೈಯಿಟ್ಟಳು. ಗೋಡೆ ಸುಮ್ಮನಿತ್ತು. ಹುಟ್ಟಿದಾಗಿನಿಂದ ಮಗ್ಗದ ಹೊಡೆತಕ್ಕೆ ನಡುಗುವ ನೆಲದ ಮೇಲೇ ಓಡಾಡಿದವಳಿಗೆ, ಅದು ನಡುಗುತ್ತದೆಂಬುದೇ ಗೊತ್ತಿರಲಿಲ್ಲ.

"ಅಯ್ಯ! ತಪ್ಪು ನಮ್ಮ ಮಗ್ಗದ್ದು. ನಾ ನಿಮ್ಮ ಕೈ ಆಡಿಕೊಂಡೆ. ನಿಮಗ ಗೊತ್ತಿತ್ತೇನು?"

"ಮೊದಲ್ನೇ ಅಮಾಸಿಗೇ ಗೊತ್ತಾತ್ರೀ."

"ಮತ್ತ ಯಾಕ ಹೇಳಲಿಲ್ಲ?"

"ರೈಲು ನೆಟ್ಟಗ ಓಡಿದ್ರ ನೀವು ನಗಾಕ ಬರ್ತಿದ್ದಿಲ್ಲ." ಅವನು ಇಂಜಿನ್ನಿನ ಧೂಳು ಒರೆಸುತ್ತ ತಲೆ ತಗ್ಗಿಸಿದ. "ತೇರದಾಳದ ಖೋಲಿ ಭಾಳ ಶಾಂತ ಐತಂತ. ನಾಳೆ ಸಂಜಿಕ ಖೋಲಿ ಮಾಲಕರಿಗೆ ಹೂಂ ಇಲ್ಲಾ ಊಹೂಂ ಅನ್ನಬೇಕು. ಹೋಗ್ಲೇನ್ರೀ?"

ನಂದಾ ಓಡಿ ಮನೆ ಸೇರಿದಳು. ಎಲ್ಲರನ್ನೂ ಛೇಡಿಸುವ ನಾಲಿಗೆ ಬೇಕಾದಾಗ ಕೈಕೊಟ್ಟಿತಲ್ಲ ಎಂದು ತನ್ನನ್ನೇ ಬೈದುಕೊಂಡಳು.

ಮರುದಿನ ಸಂಜೆ ಮಗ್ಗಗಳು ಭರದಿಂದ ಓಡುತ್ತಿದ್ದವು. ಗೋಡೆಯಾಚೆ ಮಾಂತೇಶ ಬಂದು ಬಾಗಿಲು ತೆರೆದದ್ದು ಕಿಟಕಿಯಿಂದ ಕಂಡಿತು. ನಂದಾ ಎದ್ದಳು. ಒಂದೊಂದೇ ಮಗ್ಗ ನಿಲ್ಲಿಸಿದಳು. ಹೊತ್ತಲ್ಲದ ಹೊತ್ತಿನಲ್ಲಿ ನೇಕಾರರ ಮನೆಯ ಮಗ್ಗ ನಿಂತರೆ ಇಡೀ ಓಣಿ ಕಿವಿಗೊಡುತ್ತದೆ.

ಅಪ್ಪ ಗೂಳಪ್ಪ ಗಾಬರಿಯಿಂದ ಬಂದ. "ಯಾಕವಾ, ಕರೆಂಟ್ ಹೋತೇನು?"

"ಇಲ್ಲಪ್ಪಾ. ನಾನ ಬಂದ್ ಮಾಡೇನಿ." ಗೋಡೆಯಾಚೆಗೂ ಕೇಳುವಂತೆ ಅಂದಳು. "ಮಾಸ್ತರ ರೈಲು ಓಡಬೇಕು. ಅವರು ತೇರದಾಳಕ್ಕ ಹೋಗೂದು ಬ್ಯಾಡ."

ಗೂಳಪ್ಪ ಮಗಳನ್ನು ನೋಡಿದ, ಗೋಡೆಯನ್ನು ನೋಡಿದ.

"ಇವತ್ತೊಂದ ದಿನಾನೋ?"

"ದಿನಾ, ಒಂದು ಸುತ್ತು."

ಅಪ್ಪ ಮೀಸೆಯೊಳಗೇ ನಕ್ಕು, ಚಹಾ ಇಡಲು ಅನಸವ್ವನನ್ನು ಕೂಗಿದ.

ಗೋಡೆಯಾಚೆ ಪುಟ್ಟ ಗಾಲಿಗಳ ಸದ್ದು ಶುರುವಾಯಿತು. ಗುಡ್ಡ ಏರಿತು, ಸೇತುವೆ ದಾಟಿತು. ತಿರುವು ಬಂತು. ನಂದಾ ಗೋಡೆಗೆ ಕಿವಿ ಆನಿಸಿದಳು.

ಸದ್ದು ನಿಲ್ಲಲಿಲ್ಲ.