ಬೇರೆ ಸಿಸ್ಟರ್‌ನ ಕಳಸ್ರಿ

"ಅವ್ವಾ, ಕೈ ಚಾಚ್ರಿ. ಸೂಜಿ ಮಾಡೂದೈತಿ."

ಆಸ್ಪತ್ರೆಯ ಮಂಚದ ಮೇಲೆ ಶಿವವ್ವ ಕಣ್ಣು ತೆರೆದಳು. ತನ್ನ ಮಣಿಕಟ್ಟು ಹಿಡಿದ ಕಪ್ಪು ಬೆರಳುಗಳನ್ನು, ಬಿಗಿದು ಕಟ್ಟಿದ ಗುಂಗುರು ಕೂದಲನ್ನು ನೋಡಿ ಕೈ ಕಿತ್ತುಕೊಂಡಳು.

"ಸಿದ್ದ್ಯಾರಾಕಿ ನನ್ನ ಮುಟ್ಟೂದು ಬ್ಯಾಡ. ಇದ್ದ ಜೀವಾನೂ ಹೋದೀತು."

ಪಕ್ಕದ ಮಂಚದವರು ನಕ್ಕರು.

ನರ್ಸ್ ಫಿಲೋಮಿನಾಗೆ ಇದು ಹೊಸದಲ್ಲ. ಸಿದ್ದಿಗಳಾದ ಅವಳ ಪೂರ್ವಜರು ಆಫ್ರಿಕಾದಿಂದ ಬಂದು ಎಷ್ಟೋ ತಲೆಮಾರುಗಳಾಗಿದ್ದವು. ಆದರೂ ದಾಂಡೇಲಿ ಬಸ್ಸಿನಲ್ಲಿ "ಯಾವ ದೇಶ?" ಎಂದು ಕೇಳುವವರಿಗೆ "ಹಳಿಯಾಳ ತಾಲೂಕು" ಎಂದು ಹೇಳಿ ಹೇಳಿ ಸೋತಿದ್ದಳು.

ಹೊಸದೆಂದರೆ, ಮಂಚದ ಆಚೆ ನಿಂತಿದ್ದ ಶಿವವ್ವನ ಮಗ.

ರುದ್ರೇಶ... ಎಂಟು ತಿಂಗಳಿಂದ ತನ್ನ ಆಟೊದಲ್ಲಿ ಅವಳನ್ನು ಡ್ಯೂಟಿಗೆ ಬಿಡುತ್ತಿದ್ದವನು. ಮದುವೆ ಮಾತಾಡಿದ್ದವನು.

'ಈಗ ಹೇಳ್ತಾನ...' ಎಂದು ಅವಳು ಕಾದಳು.

ಅವನು ನೆಲ ನೋಡುತ್ತ ಹೇಳಿದ, "ಬೇರೆ ಸಿಸ್ಟರ್‌ನ ಕಳಸ್ರಿ."

ಕಳಸ್ರಿ... ಪರಿಚಯವೇ ಇಲ್ಲದವರಿಗೆ ಹೇಳಿದ ಹಾಗೆ.

ಅವಳು ಟ್ರೇ ಎತ್ತಿಕೊಂಡು ಹೊರನಡೆದಳು. ಆಮೇಲೆ ಅವನ ಫೋನ್ ಎತ್ತಲಿಲ್ಲ.

ಐದನೆಯ ದಿನ ಅವನು ಆಸ್ಪತ್ರೆಯ ಮೆಟ್ಟಿಲ ಬಳಿ ಅಡ್ಡ ನಿಂತ.

"ನಮ್ಮವ್ವ ಇನ್ನೂ ಬೈತಿದ್ಲು, ಫಿಲೂ. ನೀ ಕೇಳಬಾರದು ಅಂತ ಹಂಗಂದೆ."

"ಬೈಸಿಕೊಂಡು ನಂಗ ರೂಢಿ ಐತಿ. ನೀ ಸುಮ್ಮನ ನಿಂತಿದ್ದು ತಡಕೊಳ್ಳಾಕ ಆಗವಲ್ದು."

ಅವನು ಅವಳ ಕೈ ಹಿಡಿದ. "ಬಾ" ಎಂದು ಅವಳನ್ನು ವಾರ್ಡಿಗೆ ಕರೆದೊಯ್ದ.

"ಅವ್ವಾ, ನಾ ಇಕೀನ ಲಗ್ನ ಆಗ್ತೇನಿ."

ವಾರ್ಡೆಲ್ಲ ತಿರುಗಿ ನೋಡಿತು. ಶಿವವ್ವ ಅವಳತ್ತ ನೋಡಲೇ ಇಲ್ಲ.

"ಹಂಗಾರ ನಾ ಸತ್ತರೂ ಮಣ್ಣಿಗೆ ಬರಬ್ಯಾಡ."

ಗೋಡೆಯತ್ತ ಮಗ್ಗುಲಾದಳು. ಮಗ ಮುಟ್ಟಿದ ಭುಜವನ್ನು ಸೆರಗಿನಿಂದ ಒರೆಸಿಕೊಂಡಳು. ಆದರೂ ರುದ್ರೇಶ ಫಿಲೋಮಿನಾಳ ಕೈ ಬಿಡಲಿಲ್ಲ.

ತಿಂಗಳ ನಂತರ, ರುದ್ರೇಶ ಅವ್ವನ ಮನೆ ಬಿಟ್ಟ ಮೇಲೆ, ಇಬ್ಬರೂ ಬಾಡಿಗೆ ಮನೆ ಹುಡುಕುತ್ತ ನಡೆದಿದ್ದರು. ಮುಂಜಾನೆ ರುದ್ರೇಶನಿಗೆ ಖೋಲಿ ತೋರಿಸಿ ಒಪ್ಪಿದ್ದ ಮನೆ ಮಾಲೀಕ ಸಾತಪ್ಪ, ಸಂಜೆ ಅವಳನ್ನು ಕಂಡು ಬಾಗಿಲಲ್ಲೇ ತಡೆದ.

"ಖೋಲಿ ಕೊಟ್ಟಾತಲ್ಲಪ್ಪಾ..."

ಒಳಗೆ ಖೋಲಿ ಖಾಲಿಯೇ ಇತ್ತು. ಬಾಗಿಲು ಮುಚ್ಚಿತು.

ರುದ್ರೇಶ ಕಟ್ಟೆಯ ಮೇಲೆ ಕುಸಿದು ಕುಳಿತ.

"ಇದು ಮೂರನೇ ಮನಿ, ಫಿಲೂ."

"ನಿಂಗ ಮೂರನೇದು. ನಾ ಎಣಿಸೂದು ಬಿಟ್ಟು ಭಾಳ ವರ್ಷ ಆತು."

ಅವನು ತಲೆಯೆತ್ತಿ ಅವಳನ್ನೇ ನೋಡಿದ. ಇಷ್ಟು ವರ್ಷ ಇವಳು ಒಬ್ಬಳೇ ಹೀಗೆ ಮೆಟ್ಟಿಲಿಳಿದು ಹೋಗಿದ್ದಾಳೆ... ಅವನ ಕಣ್ಣು ತುಂಬಿತು.

ಅವಳು ಪಕ್ಕದಲ್ಲಿ ಕುಳಿತಳು.

"ವಾಪಸ್ ಅವ್ವನ ಮನಿಗೆ ಹೋಗಬೇಕು ಅನಸ್ತದೇನು?"

"ಅನಸ್ತದ."

ಅವಳು ಏಳಲು ಹೋದಳು.

"ನಿನ್ನ ಕರಕೊಂಡು" ಎಂದ.

"ಅವರು ಬಾಗಿಲು ತೆಗೀದಿದ್ರ?"

"ಇಬ್ರೂ ಹೊರಗ ನಿಲ್ಲೂಣು."

ಫಿಲೋಮಿನಾ ಅವನ ಭುಜಕ್ಕೆ ಒರಗಿದಳು.