ಅಜ್ಜಿ ಬಿತ್ತಿದ ಮೂಲೆ

"ಅಲ್ಲೇ ನಿಲ್ಲೇ! ನನ್ನ ಮುಟ್ಬೇಡ!"

ಸುಚಿತಾ ಕೂಗಿದ ರಭಸಕ್ಕೆ ರೆನಿಟಾ ಬೇಲಿಯ ಹತ್ತಿರವೇ ನಿಂತುಬಿಟ್ಟಳು. ಅವಳ ಕೈಯಲ್ಲಿ ಖಾಲಿ ಹೂಬುಟ್ಟಿ ಇತ್ತು.

"ಎಂತ ಆತೇ ನಿಂಗೆ? ಹೂ ಕೊಯ್ಯೂಕೆ ಬಾ. ಇಗರ್ಜಿಗೆ ಲೇಟ್ ಆಗ್ತದೆ."

"ನಾ ಬರೂದಿಲ್ಲ. ನಮ್ಗೆ ಸೂತಕ. ಅಜ್ಜಿ ಹೋದ್ಳಲ್ಲ? ನಾ ಮುಟ್ಟಿದ ಹೂ ದೇವ್ರಿಗೆ ಆಗುದಿಲ್ಲ."

"ನಿಮ್ಮ ದೇವ್ರಿಗಾ, ನಮ್ಮ ದೇವ್ರಿಗಾ?"

ಐದನೇ ಕ್ಲಾಸಿನ ಯಾವ ಪರೀಕ್ಷೆಯಲ್ಲೂ ಇಂಥ ಪ್ರಶ್ನೆ ಬಂದಿರಲಿಲ್ಲ. ಸುಚಿತಾ ಸ್ವಲ್ಪ ಯೋಚಿಸಿ, "ಯಾರಿಗೂ ಆಗುದಿಲ್ಲ" ಎಂದಳು.

ರೆನಿಟಾ ಮುಖ ಸಣ್ಣದು ಮಾಡಿಕೊಂಡು ಹೊರಟುಹೋದಳು. ಸುಚಿತಾಳಿಗೂ ಅಳು ಬಂತು. ಆದರೆ ಅವಳು ಅಳುವುದನ್ನು ನೋಡಲು ಅಂಗಳದಲ್ಲಿ ಯಾರೂ ಇರಲಿಲ್ಲ.

ತೆನೆ ಹಬ್ಬಕ್ಕೆ ಮೊದಲಿನ ಒಂಬತ್ತು ದಿನ ಕ್ರಿಶ್ಚಿಯನ್ ಮಕ್ಕಳು ಇಗರ್ಜಿಗೆ ಹೋಗಿ ಮಾತೆ ಮರಿಯಮ್ಮನಿಗೆ ಹೂ ಹಾಕುತ್ತಾರೆ. ಸುಚಿತಾ ಕ್ರಿಶ್ಚಿಯನ್ ಅಲ್ಲ. ಆದರೂ ಅಂಗನವಾಡಿಗೆ ಹೋಗುತ್ತಿದ್ದ ಕಾಲದಿಂದ ಪಕ್ಕದ ಮನೆಯ ರೆನಿಟಾಳ ಜೊತೆ ಅವಳೂ ಹೂ ಒಯ್ಯುತ್ತಿದ್ದಳು. ಹಬ್ಬದ ದಿನ ಪಾದ್ರಿಗಳು ಹೊಸ ತೆನೆಯನ್ನು ಆಶೀರ್ವದಿಸಿ ಕೊಡುತ್ತಾರೆ. ಅದರ ಕಾಳನ್ನು ಪಾಯಸಕ್ಕೆ ಹಾಕಿ ಮನೆಯವರೆಲ್ಲ ಒಟ್ಟಿಗೆ ಕೂತು 'ಹೊಸ್ತು' ಉಣ್ಣುತ್ತಾರೆ.

ರೆನಿಟಾಳ ಮನೆಯವರಿಗೆ ಗದ್ದೆ ಇಲ್ಲ. ಅದಕ್ಕೇ ಸುಚಿತಾಳ ಅಜ್ಜಿ ಮಾಸ್ತಮ್ಮ ಪ್ರತಿ ವರ್ಷ ಹೊಳನಗದ್ದೆ ಊರಿನ ಉಳಿದವರೆಲ್ಲರಿಗಿಂತ ಮೊದಲೇ ತನ್ನ ಗದ್ದೆಯ ಒಂದು ಮೂಲೆಯಲ್ಲಿ ಹಿಡಿ ಭತ್ತ ಬಿತ್ತುತ್ತಿದ್ದಳು. ಊರಿನ ಗದ್ದೆಗಳೆಲ್ಲ ಇನ್ನೂ ಬರೀ ಹಸಿರಾಗಿದ್ದಾಗ ಆ ಮೂಲೆಯಲ್ಲಿ ಮಾತ್ರ ತೆನೆ ತೂಗುತ್ತಿತ್ತು. ಅದನ್ನು ಕೊಯ್ದು ರೆನಿಟಾಳ ಅಜ್ಜಿ ನತಾಲಬಾಯಿಗೆ ಕೊಟ್ಟುಬರುವುದು ಮಾಸ್ತಮ್ಮನ ಕೆಲಸ. ಈ ವರ್ಷವೂ ಬಿತ್ತಿದ್ದಳು. ಆದರೆ ತೆನೆ ಬರುವಷ್ಟರಲ್ಲಿ ಅವಳೇ ಹೋಗಿಬಿಟ್ಟಳು.

"ಅಮ್ಮಾ, ಆ ಮೂಲೆ ತೆನೆ ಯಾರು ಕೊಡ್ತ್ರು?" ಸುಚಿತಾ ಒಳಗೆ ಹೋಗಿ ಕೇಳಿದಳು.

"ಸೂತಕದ ಮನೆಯಿಂದ ಹೊಸ ತೆನೆ ಕೊಡೂಕಾಗುದಿಲ್ಲ ಮಗಾ. ಅಪ್ಪ ಅವ್ರಿಗೆ ಹೇಳಿದಾರೆ. ಈ ಸಲ ಕುಮಟಾ ಪೇಟೆಯಿಂದ ತರ್ತ್ರಂತೆ."

"ಹಾಗಾರೆ ಅಜ್ಜಿ ಬಿತ್ತಿದ್ದು?"

ಅಮ್ಮ ಪಾತ್ರೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಅಜ್ಜಿಯ ಮಾತು ಬಂದಾಗಲೆಲ್ಲ ಅಮ್ಮನಿಗೆ ಏನಾದರೊಂದು ಕೆಲಸ ನೆನಪಾಗುತ್ತಿತ್ತು. ಅಪ್ಪನಂತೂ ಬಾಯಿಗೆ ಬೀಗ ಹಾಕಿಕೊಂಡಂತಿದ್ದ. ಹೀಗೆ ಆ ಮನೆಯಲ್ಲಿ ಮೂವರೂ ಬೇರೆ ಬೇರೆ ಕೋಣೆಯಲ್ಲಿ ಕೂತು ಒಬ್ಬಳನ್ನೇ ನೆನೆಯುತ್ತಿದ್ದರು.

ಈ ಸಲ ಚೌತಿ ಶನಿವಾರ ಬಂದಿತ್ತು, ತೆನೆ ಹಬ್ಬ ಅದರ ಮರುದಿನವೇ. ಚೌತಿಯ ದಿನ ಊರಿನ ಎಲ್ಲ ಮನೆಗಳಿಗೂ ಗಣಪತಿ ಬಂದ, ಸುಚಿತಾಳ ಮನೆಗೆ ಬರಲಿಲ್ಲ. ಅಮ್ಮ ಚಕ್ಕುಲಿಯನ್ನೂ ಮಾಡಲಿಲ್ಲ.

ಚೌತಿ ಎಂದರೆ ಮಕ್ಕಳು ಗುಂಪು ಕಟ್ಟಿಕೊಂಡು ಮನೆಮನೆಗೆ ಗಣಪತಿ ನೋಡಲು ಹೋಗುವ ದಿನ. ಯಾರು ಹೆಚ್ಚು ಗಣಪತಿ ನೋಡಿದರು ಎಂದು ರಜೆ ಮುಗಿದ ಮೇಲೆ ಶಾಲೆಯಲ್ಲಿ ದೊಡ್ಡ ಜಗಳವೇ ಆಗುತ್ತದೆ. ಸುಚಿತಾ ಕಿಟಕಿಯಲ್ಲಿ ನಿಂತು ನೋಡುತ್ತಿದ್ದಳು. ಗುಂಪಿನ ಮುಂದೆ ಅವಳ ಕ್ಲಾಸಿನ ದೀಕ್ಷಾ ಇದ್ದಳು. ಈ ಕಡೆ ತಿರುಗಿದ ಒಬ್ಬ ಹುಡುಗನ ತೋಳು ಹಿಡಿದು ಅವಳು ಎಳೆದಳು.

"ಅಲ್ಲೆಂತಕ್ಕೆ? ಅವ್ರ ಮನೇಲಿ ಗಣಪ್ತಿ ಇಲ್ಲ!"

ದೀಕ್ಷಾ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ಸುಚಿತಾ ಕಿಟಕಿ ಮುಚ್ಚಿಬಿಟ್ಟಳು. ಅವಳು ಹಿಂಬಾಗಿಲಿನಿಂದ ಹೊರಬಿದ್ದು ಗದ್ದೆಯ ಹಾಳಿಯ ಮೇಲೆ, ಆ ಕಿರಿದಾದ ಬದುವಿನ ಮೇಲೆ, ನಡೆದಳು. ದೂರದಲ್ಲಿ ಪಟಾಕಿ ಸಿಡಿಯುತ್ತಿತ್ತು.

ಮೂಲೆಯಲ್ಲಿ ತೆನೆ ಚೆನ್ನಾಗಿಯೇ ಬಂದಿತ್ತು. ಮಳೆನೀರು ಹೊತ್ತು ತಲೆ ಬಗ್ಗಿಸಿ ನಿಂತಿತ್ತು. ನೋಡಿದಷ್ಟೂ ಸುಚಿತಾಳಿಗೆ ಸಿಟ್ಟು ಬಂತು. ಪೇಟೆಯ ತೆನೆ ತರುತ್ತಾರಂತೆ! ಒಂದು ಮಾತಾದರೂ ಕೇಳಬಾರದಿತ್ತೇ? ಅಜ್ಜಿ ಹೋದದ್ದೇ ತಡ, ಎಲ್ಲರೂ ಅವಳನ್ನು ಮರೆತೇಬಿಟ್ಟರು. ನಾಳೆ ಹಬ್ಬ ಮುಗಿಯುತ್ತದೆ. ಆಮೇಲೆ ಈ ತೆನೆ ಯಾರಿಗೂ ಬೇಡ. ಹಕ್ಕಿ ತಿನ್ನುತ್ತದೆ, ಅಷ್ಟೇ. ಅವಳು ಹಾಳಿಯ ಮೇಲೆ ಕೂತು ಮನಸ್ಸಿಗೆ ಬಂದಷ್ಟು ಅತ್ತಳು.

"ಯಾರದು? ಸುಚಿತನಾ?"

ನತಾಲಬಾಯಿ ಕೊಡೆ ಊರಿಕೊಂಡು ಹಾಳಿಯ ಮೇಲೆ ನಿಧಾನವಾಗಿ ಬರುತ್ತಿದ್ದಳು. ಹಿಂದೆ ರೆನಿಟಾ. ಅವಳ ಕೈಯಲ್ಲಿ ಕೊಯ್ಲಿನ ಕತ್ತಿ. ಅವರನ್ನು ಕಂಡು ಅಪ್ಪನೂ ಮನೆಯ ಕಡೆಯಿಂದ ಓಡೋಡಿ ಬಂದ.

"ಬಾಯಮ್ಮಾ, ನಾ ಹೇಳಿದ್ನಲ್ಲ? ಈ ವರ್ಷ ಕೊಡೂಕೆ ನಮ್ಗೆ ಬರೂದಿಲ್ಲ."

"ನಿನ್ನ ಹತ್ರ ಯಾರು ಕೇಳಿದ್ರು ಉಮೇಶಾ? ನೀ ಕೊಡೂದೂ ಬೇಡ, ಮುಟ್ಟೂದೂ ಬೇಡ. ನಿಮ್ಮ ಪದ್ಧತಿ ನಿಮ್ಗೆ ಇರ್ಲಿ. ಪೇಟೆಗೂ ಹೋಗಿದ್ದೆ. ತೆನೆ ಕೈಯಲ್ಲಿ ಹಿಡ್ದೆ, ಮನಸ್ಸು ಬರ್ಲಿಲ್ಲ. ಅಲ್ಲೇ ಇಟ್ಟು ಬಂದೆ." ನತಾಲಬಾಯಿ ಉಸಿರು ಎಳೆದುಕೊಂಡಳು. "ಈ ಮೂಲೆ ಮಾಸ್ತಮ್ಮ ಬಿತ್ತೂವಾಗ್ಲೇ ನಂಗೆ ಕೊಟ್ಟಾಗಿದೆ. ಅವಾಗ ನಿಮ್ಮನೇಲಿ ಸೂತಕ ಇತ್ತಾ? ನಂದು ನಾ ಕೊಯ್ಕೊಂಡು ಹೋಗ್ತೆ."

ಅಪ್ಪ ತಲೆ ಕೆರೆದುಕೊಂಡ.

"ಹೌದಪ್ಪಾ!" ಸುಚಿತಾ ಎದ್ದು ನಿಂತಳು. "ಬಿತ್ತೂವಾಗ ನಾ ಅಜ್ಜಿ ಜೊತೆಗೇ ಇದ್ದೆ. 'ತಕಾ ನತಾಲಿ, ನಿನ್ನ ಪಾಲು' ಅಂದೇ ಬಿತ್ತಿದ್ದು. ಪ್ರಾಮಿಸ್!"

ನತಾಲಿ! ಆ ಹೆಸರು ಕೇಳಿದ್ದೇ ನತಾಲಬಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅವಳನ್ನು ಹಾಗೆ ಕರೆಯುತ್ತಿದ್ದವಳು ಊರಿನಲ್ಲಿ ಒಬ್ಬಳೇ. ಅಪ್ಪ ಪಕ್ಕಕ್ಕೆ ಸರಿದು ಅವರಿಗೆ ದಾರಿ ಬಿಟ್ಟ.

"ಆತು. ಕೊಯ್ಕೊಳ್ಳಿ ಬಾಯಮ್ಮಾ," ಎಂದ.

ರೆನಿಟಾ ಗದ್ದೆಗೆ ಇಳಿದಳು. ಯಾವುದು ಕಾಳು ಕಟ್ಟಿದ ತೆನೆ, ಯಾವುದು ಜಳ್ಳು ಎಂದು ಅವಳಿಗೆಲ್ಲಿ ಗೊತ್ತು? ಸುಚಿತಾ ಮೇಲೆ ನಿಂತು ಬೆರಳು ತೋರಿಸಿದಳು. "ಅದಲ್ವೇ, ಅದರಾಚೆದು! ಅಯ್ಯೋ, ಅದು ಜಳ್ಳು ಮಾರಾಯ್ತಿ!" ರೆನಿಟಾ ಬೈಸಿಕೊಂಡು ಬೈಸಿಕೊಂಡು ಕೊಯ್ದಳು.

ಭಾನುವಾರ ಬೆಳಿಗ್ಗೆ ಇಗರ್ಜಿಯ ಗಂಟೆ ಕೇಳಿಸಿತು. ಸುಚಿತಾ ಹೋಗಲಿಲ್ಲ. ಅಂಗಳದಲ್ಲೇ ನಿಂತು ಕೇಳಿದಳು. ತೆನೆ ಈಗ ಪಾದ್ರಿಗಳ ಮುಂದೆ ಇರಬಹುದು, ಈಗ ರೆನಿಟಾಳ ಕೈಯಲ್ಲಿರಬಹುದು ಎಂದುಕೊಂಡಳು. ಆಮೇಲೆ ಗಂಟೆಯೂ ನಿಂತಿತು. ಅಂಗಳದಲ್ಲಿ ಮತ್ತೆ ಅವಳೊಬ್ಬಳೇ.

ಮಧ್ಯಾಹ್ನ ನತಾಲಬಾಯಿ ಮತ್ತು ರೆನಿಟಾ ಬಂದರು. ರೆನಿಟಾಳ ಕೈಯಲ್ಲಿ ಪಾಯಸದ ಡಬ್ಬಿ ಇತ್ತು. ನತಾಲಬಾಯಿ ಜಗಲಿಯ ಮೆಟ್ಟಿಲ ಮೇಲೆ ಕೂತು ನಾಲ್ಕು ಬಾಳೆಯೆಲೆ ಚೂರುಗಳಿಗೆ ಪಾಯಸ ಬಡಿಸಿದಳು.

"ನಾವು ಮೂರೇ ಜನ ಬಾಯಮ್ಮ," ಎಂದಳು ಸುಚಿತಾ.

"ನಂಗೆ ಲೆಕ್ಕ ಬರ್ತದೆ ಮಗಾ. ನಮ್ಮ ಮನೇಲಿ ಹೊಸ್ತು ಉಣ್ಣೂವಾಗ ಎದ್ರಿಗೆ ಇಲ್ಲದವ್ರ ಪಾಲೂ ತೆಗ್ದಿಡ್ತ್ರು. ಮುಂಬೈಲಿದ್ದವ್ರದ್ದು, ದೋಣಿಗೆ ಹೋದವ್ರದ್ದು, ಎಲ್ಲಾ. ಇದು ಮಾಸ್ತಮ್ಮಂದು."

"ಅಜ್ಜಿ ನಿಮ್ಮ ಮನೆಯವ್ಳಾ?"

"ಮತ್ತೆ?"

ಬಾಗಿಲ ಹತ್ತಿರ ನಿಂತಿದ್ದ ಅಮ್ಮ ಈ ಸಲ ಯಾವ ಕೆಲಸಕ್ಕೂ ಒಳಗೆ ಹೋಗಲಿಲ್ಲ. ಅಲ್ಲೇ ಕೂತು ಎಲ್ಲರೆದುರಿಗೆ ಅತ್ತಳು.

"ನಮ್ಮಲ್ಲಿ ಹೋದವ್ರ ಹೆಸ್ರು ಹೇಳಿ ಪ್ರಾರ್ಥನೆ ಮಾಡ್ತ್ರು. ನಾ ಬೆಳಿಗ್ಗೆ ಮಾಡ್ದೆ," ಎಂದಳು ನತಾಲಬಾಯಿ. "ನಿಮ್ಮಲ್ಲಿ ಹೆಂಗೆ ಕೊಡ್ತ್ರೋ ಹಂಗೆ ಕೊಡಿ."

ಅಪ್ಪ ನಾಲ್ಕನೆಯ ಎಲೆಯನ್ನು ಎತ್ತಿಕೊಂಡು ಹೋಗಿ ಕಾಗೆಗೆಂದು ಬಾವಿಕಟ್ಟೆಯ ಮೇಲೆ ಇಟ್ಟ. ಕಾ ಕಾ ಎಂದು ಕರೆದ. ತೆಂಗಿನ ಮರದಲ್ಲಿ ಕಾಗೆ ಇತ್ತು, ಆದರೆ ಇಳಿಯಲಿಲ್ಲ.

"ಬರ್ತದೆ. ಅವ್ಳು ಯಾವತ್ತು ಕರ್ದ ಕೂಡ್ಲೇ ಬಂದಿದ್ಳು?" ನತಾಲಬಾಯಿ ಸೆರಗು ಸರಿಮಾಡಿಕೊಂಡು ಅಲ್ಲೇ ಗೋಡೆಗೆ ಒರಗಿದಳು. ಮನೆಯಲ್ಲಿ ಹಬ್ಬದೂಟ ಕಾದಿದ್ದರೂ ಏಳಲಿಲ್ಲ. ರೆನಿಟಾ ಒಂದು ಮೊಳ ದೂರ ಬಿಟ್ಟು ಸುಚಿತಾಳ ಪಕ್ಕ ಕೂತಳು.

ಸುಚಿತಾ ತೆಂಗಿನ ಮರವನ್ನು ನೋಡಿದಳು. ಆಮೇಲೆ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಅಪ್ಪ, ಅಮ್ಮ, ರೆನಿಟಾ, ಕೈಯಲ್ಲಿ ಜಪಸರ ಹಿಡಿದ ನತಾಲಬಾಯಿ, ಎಲ್ಲರೂ ಕತ್ತೆತ್ತಿ ಆ ಮರವನ್ನೇ ನೋಡುತ್ತಿದ್ದರು.

ಅಜ್ಜಿಗಾಗಿ ಕಾಯುತ್ತಿರುವುದು ತಾನೊಬ್ಬಳೇ ಎಂದು ಇಷ್ಟು ದಿನ ಅಂದುಕೊಂಡಿದ್ದಳು.